ಕರಾಶೊಕಿ ಸ್ಟೇಷನ್ನಿನ ದನಿ

ರಬಿಗಾ ಕರಾಶೊಕಿ ಜಂಕ್ಷನ್ನಿಗೆ ಬಂದದ್ದು ಕಸ ಗುಡಿಸುವುದಕ್ಕೆ. ಆಗ ಅವಳಿಗೆ ಹತ್ತೊಂಬತ್ತು. ಸಾಕಿದ ಅಜ್ಜಿ ತೀರಿಕೊಂಡು, ನಲವತ್ತನೆಯ ದಿನದ ಊಟ ಮುಗಿದ ಮಾರನೆಯ ಬೆಳಿಗ್ಗೆಯೇ ದೊಡ್ಡಪ್ಪ ಅವಳನ್ನು ಉಪ್ಪಿನ ಲಾರಿ ಹತ್ತಿಸಿದ. “ಅಲ್ಲಿ ಬೆಚ್ಚಗಿರೋ ಕೋಣೆ ಕೊಡ್ತಾರಂತೆ, ಸಂಬಳಾನೂ ಕೊಡ್ತಾರಂತೆ. ಇಲ್ಲಿದ್ದು ಯಾರ ಕುರಿ ಕಾಯ್ತೀಯ?” ಅಂದ. ಅವಳ ಹತ್ತಿರ ಇದ್ದದ್ದು ಒಂದು ಗಂಟು, ಅಜ್ಜಿಯ ಉಣ್ಣೆಯ ಶಾಲು, ಮತ್ತೆ ಯಾರನ್ನೂ ಏನನ್ನೂ ಕೇಳಬಾರದು ಅನ್ನುವ ಅಭ್ಯಾಸ.

ಕೋಣೆ ನಿಜವಾಗಿಯೂ ಬೆಚ್ಚಗಿತ್ತು. ರೈಲ್ವೆಯವರ ಉದ್ದನೆಯ ಮನೆಸಾಲಿನ ಕೊನೆಯದು, ಹಳಿಯ ಕಡೆ ಒಂದೇ ಕಿಟಕಿ. ಗಾಡಿ ಹೋದಾಗೆಲ್ಲ ಪಿಂಗಾಣಿ ಬಟ್ಟಲುಗಳು ಗಲಗಲ ಅನ್ನುತ್ತಿದ್ದವು. ಮೂರು ವರ್ಷ ಅವಳು ಪ್ರಯಾಣಿಕರು ಕೂರುವ ಹಜಾರ ಒರೆಸಿದಳು. ಚಳಿಗಾಲದಲ್ಲಿ ಜನರ ಬೂಟಿನಿಂದ ಹಿಮ ಕರಗಿ ಕೆಸರು, ಬೇಸಿಗೆಯಲ್ಲಿ ಮರಳು. ಒಂದು ಕಡೆ ಒರೆಸಿ ತಿರುಗುವಷ್ಟರಲ್ಲಿ ಇನ್ನೊಂದು ಕಡೆ ಮೊದಲಿನಂತೆ ಆಗಿರುತ್ತಿತ್ತು. ಹಜಾರದ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ. ಅದರಲ್ಲಿ ಕುಳಿತು ತಮಾರಾ ಅನ್ನುವ ಹೆಂಗಸು ಮೈಕಿನಲ್ಲಿ ಗಾಡಿಗಳ ವಿಷಯ ಹೇಳುತ್ತಿದ್ದಳು, ರಷ್ಯನ್ ಭಾಷೆಯಲ್ಲಿ, ಹೊಗಳಿಕೆ ಕೇಳಿ ಅಭ್ಯಾಸವಾದ ಗಂಟಲಿನಲ್ಲಿ. ರಬಿಗಾ ನೆಲ ಒರೆಸುತ್ತ ಒರೆಸುತ್ತ ಆ ಮಾತುಗಳನ್ನು ತುಟಿಯೊಳಗೇ ಆಡಿಕೊಳ್ಳುತ್ತಿದ್ದಳು. ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾವ ಹಳಿ, ಯಾವ ಊರಿನಿಂದ ಯಾವ ಊರಿಗೆ, ಎಲ್ಲವೂ ಬಾಯಿಪಾಠ. ಅದರಿಂದ ಏನಾಗಬೇಕು ಅನ್ನುವ ಯೋಚನೆ ಇರಲಿಲ್ಲ. ದಿನಕ್ಕೆ ಹತ್ತು ಮಾತೂ ಆಡದವಳಿಗೆ ಅದೇ ಮಾತು.

ಎಪ್ಪತ್ತೊಂಬತ್ತನೆಯ ಇಸವಿ ಜನವರಿಯಲ್ಲಿ ಎರಡು ದಿನ ಬೊರಾನ್ ಹಿಮಗಾಳಿ ಎದ್ದಿತು. ಹಿಮ ಮೇಲಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಹಾರುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ತಮಾರಾ ಬರುವ ಬಸ್ಸು ದಾರಿಯಲ್ಲೇ ಹೂತುಹೋಯಿತು. ಗಾಡಿಯನ್ನು ಒಂದನೆಯ ಹಳಿಗೆ ತಿರುಗಿಸುವ ಕೀಲು ಹೆಪ್ಪುಗಟ್ಟಿ, ಸ್ಟೇಷನ್ ಮಾಸ್ತರ ಕ್ರಾವ್ಚುಕ್ ತಾನೇ ದೀವಟಿಗೆ ಹಿಡಿದು ಅಲ್ಲಿಗೆ ಓಡಿದ್ದ. ಬಿಸಿನೀರಿಗೆ ಒಳಗೆ ಬಂದ ಕೀಲುಗಾರ, “ತಾಷ್ಕೆಂಟ್ ಗಾಡೀನ ಮೂರಕ್ಕೆ ತಗೋತಿದ್ದಾರೆ. ಎರಡರಲ್ಲಿ ಗೂಡ್ಸು ನಿಲ್ಲದೆ ಹೋಗುತ್ತೆ” ಅಂತ ಯಾರಿಗೋ ಕೂಗಿ ಹೇಳಿದ. ರಬಿಗಾ ಕಿಟಕಿಯಾಚೆ ನೋಡಿದಳು. ತಾಷ್ಕೆಂಟ್ ಗಾಡಿಗೆ ಕಾದಿದ್ದ ನೂರು ಜನ ಯಾವಾಗಿನಂತೆ ಒಂದನೆಯ ಪ್ಲಾಟ್‌ಫಾರಮ್ಮಿಗೆ ಹೋಗಿ ನಿಂತಿದ್ದರು. ಗಾಡಿ ಆಚೆ ಬಂದದ್ದು ಕಂಡರೆ ಎಲ್ಲರೂ ಎರಡನೆಯ ಹಳಿ ದಾಟಿಕೊಂಡು ನುಗ್ಗುತ್ತಾರೆ. ಈ ಗಾಳಿಯ ಶಬ್ದದಲ್ಲಿ ಗೂಡ್ಸು ಬಂದದ್ದು ಯಾರ ಕಿವಿಗೂ ಬೀಳುವುದಿಲ್ಲ.

ಅವಳು ಡ್ಯೂಟಿಯ ಸಹಾಯಕನ ಹತ್ತಿರ ಹೋದಳು. ಅವನು ಎರಡು ಕಿವಿಗೂ ಎರಡು ಟೆಲಿಫೋನು ಹಿಡಿದಿದ್ದ. ತೋಳು ಎಳೆದರೆ, ತಲೆ ಎತ್ತದೆ “ತಾಳಮ್ಮ, ಆಮೇಲೆ ಒರೆಸು” ಅಂದ.

ರಬಿಗಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ತಮಾರಾಳ ಕೋಣೆಗೆ ಹೋದಳು. ಬಾಗಿಲು ಬರೀ ಮುಂದೆ ಮಾಡಿತ್ತು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೈಕಿನ ಗುಂಡಿ ಒತ್ತಿದಳು. ತಾಷ್ಕೆಂಟ್ ಗಾಡಿ ಮೂರನೆಯ ಹಳಿಗೆ ಬರುತ್ತದೆ, ಎರಡನೆಯ ಹಳಿಯಲ್ಲಿ ಗೂಡ್ಸು ಹಾದುಹೋಗುತ್ತದೆ, ಹೇಳುವ ತನಕ ಯಾರೂ ಹಳಿ ದಾಟಬಾರದು ಎಂದು ತಮಾರಾಳ ಮಾತುಗಳಲ್ಲೇ ಎರಡು ಸಲ ಹೇಳಿದಳು. ಜನ ನಿಂತರು. ಆದರೆ ಐದಾರು ಮುದುಕಿಯರು, ಯಾವುದೋ ಹಳ್ಳಿಯಿಂದ ಮದುವೆಗೆ ಹೊರಟವರು, ಗಂಟುಮೂಟೆ ಹೊತ್ತು ಹಳಿಯ ಮೇಲಿನ ಹಲಗೆಗೆ ಕಾಲಿಟ್ಟೇಬಿಟ್ಟಿದ್ದರು. ಅವರಿಗೆ ರಷ್ಯನ್ ಬರುತ್ತಿರಲಿಲ್ಲ.

ರಬಿಗಾ ಮತ್ತೆ ಗುಂಡಿ ಒತ್ತಿದಳು. ಈ ಸಲ ಬಂದದ್ದು ತಮಾರಾಳ ಮಾತಲ್ಲ, ಅವಳದೇ ಕಜಾಕ್ ಮಾತು. “ಅಪಾ, ಬಿಳಿ ಮುಸುಕಿನ ಅಪಾ, ಅಲ್ಲೇ ನಿಲ್ಲಿ. ಹಿಂದಕ್ಕೆ ಬನ್ನಿ. ಗೂಡ್ಸ್ ಗಾಡಿ ಬರ್ತಾ ಇದೆ. ನಿಮ್ಮನ್ನ ಬಿಟ್ಟು ಗಾಡಿ ಹೋಗಲ್ಲ, ನಾನು ಹೇಳ್ತೀನಿ.”

ಮುದುಕಿ ತಲೆ ಎತ್ತಿ, ಆಕಾಶವೇ ತನ್ನನ್ನು ಕರೆಯಿತೇನೋ ಅನ್ನುವ ಹಾಗೆ ಸುತ್ತ ನೋಡಿದಳು. ಆಮೇಲೆ ಜೊತೆಯವರ ತೋಳು ಹಿಡಿದು ಹಿಂದಕ್ಕೆ ಎಳೆದಳು. ಅವರು ಪ್ಲಾಟ್‌ಫಾರಂ ಹತ್ತುವುದಕ್ಕೂ ಬಿಳಿ ಹಿಮದೊಳಗಿಂದ ಗೂಡ್ಸಿನ ಕಪ್ಪು ಮೂತಿ ಹೊರಬರುವುದಕ್ಕೂ ಸರಿಹೋಯಿತು.

ಕ್ರಾವ್ಚುಕ್ ಹುಬ್ಬಿನ ತುಂಬ ಹಿಮ ಅಂಟಿಸಿಕೊಂಡು ಒಳಗೆ ಬಂದ.

“ಆ ಕೋಣೆಗೆ ಹೋಗು ಅಂತ ಯಾರು ಹೇಳಿದ್ದು ನಿನಗೆ?”

“ಯಾರೂ ಹೇಳಲಿಲ್ಲ ಸಾಹೇಬ್ರೇ. ಹೇಳೋರು ಯಾರೂ ಇರಲಿಲ್ಲ.”

“ಕೊನೇಲಿ ಅದೇನದು ನಿಮ್ಮ ಭಾಷೇಲಿ ಹೇಳಿದ್ದು?”

“ಅಜ್ಜೀರಿಗೆ ನಿಲ್ಲಿ ಅಂದೆ.”

ಅವನು ಬೆಂಕಿಗೆ ಕೈ ಒಡ್ಡಿ ಕಾಯಿಸಿಕೊಂಡ. ಆಮೇಲೆ ಅಪ್ಪಣೆಯಿಲ್ಲದೆ ಮೈಕು ಮುಟ್ಟಿದ್ದಕ್ಕೆ ಎಚ್ಚರಿಕೆಯ ಚೀಟಿ ಬರೆದ. ಸಹಿ ಹಾಕಿಸಿಕೊಂಡ. ಚೀಟಿ ಮಡಿಸುತ್ತ, “ಹೋಗು, ಸಂಜೆ ತನಕ ನೀನೇ ಕೂತ್ಕೋ. ತಮಾರಾ ಇವತ್ತು ಬರೋ ಹಾಗಿಲ್ಲ” ಅಂದ.

ಆ ವಸಂತದಲ್ಲಿ ತಮಾರಾಳ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಗಾಜಿನ ಕೋಣೆ ಖಾಲಿಯಾಯಿತು. ಯಾರಾದರೂ ಕರೆದಾರು ಎಂದು ರಬಿಗಾ ಮೂರು ದಿನ ಕಾದಳು. ಕರೆಯಲಿಲ್ಲ. ಗುಡಿಸುವವಳನ್ನು ಯಾರು ಕರೆಯುತ್ತಾರೆ? ನಾಲ್ಕನೆಯ ದಿನ ಅಜ್ಜಿಯ ಶಾಲು ಹೊದ್ದು ತಾನೇ ಕ್ರಾವ್ಚುಕನ ಮುಂದೆ ಹೋಗಿ ನಿಂತಳು.

“ಆ ಕೆಲಸ ನನಗೆ ಕೊಡಿ.”

“ನಿನ್ನ ರಷ್ಯನ್ನಿನಲ್ಲಿ ಜಲ್ಲಿಕಲ್ಲು ಉರುಳುತ್ತೆ.”

“ಕಲೀತೀನಿ. ಮೂರು ತಿಂಗಳು ನೋಡಿ. ಆಗದಿದ್ರೆ ಕಸಬರಿಕೆ ಎಲ್ಲಿಗೂ ಓಡಿಹೋಗಲ್ಲ.”

ಅವನು ನಕ್ಕ. ಅವಳು ನಗಲಿಲ್ಲ. ಬಾಯಿಗೆ ರೇಡಿಯೋ ಕಟ್ಟಿಕೊಂಡವಳ ಹಾಗೆ ಮೂರು ತಿಂಗಳು ವಾರ್ತೆ ಓದುವವರ ಜೊತೆಜೊತೆಗೇ ಓದಿದಳು. ಪಕ್ಕದ ಮನೆಯವರು ಗೋಡೆ ಗುದ್ದಿದರೆ ಹೊದಿಕೆಯೊಳಗೆ ಮುಖ ಹುದುಗಿಸಿ ಓದಿದಳು. ಕೆಲಸ ಸಿಕ್ಕಿತು.

ಸಿಕ್ಕ ಮೇಲೆ ಪ್ರತಿ ಗಾಡಿಯನ್ನೂ ರಷ್ಯನ್ನಿನಲ್ಲಿ ಹೇಳಿ, ಯಾರನ್ನೂ ಕೇಳದೆ, ಕಜಾಕ್ ಭಾಷೆಯಲ್ಲೂ ಹೇಳತೊಡಗಿದಳು. ಹಳ್ಳಿಯ ಮುದುಕಿಯರು ಗಾಜಿನ ಕಿಟಕಿಗೆ ಬಂದು ಒಣಮೊಸರಿನ ಉಂಡೆ ಕೊಟ್ಟು ಹೋಗುವರು. “ನಮ್ಮ ಕೂಸು ಒಳಗಿದೆ” ಅನ್ನುವರು. ವರ್ಷ ತುಂಬುವುದರೊಳಗೆ ಮೇಲಿನಿಂದ ಕಾಗದ ಬಂತು: ಮೈಕಿನಲ್ಲಿ ನಿಯಮದ ಭಾಷೆಯಾದ ರಷ್ಯನ್ ಮಾತ್ರ. ರಬಿಗಾ ಮೈಕಿನಲ್ಲಿ ಕಜಾಕ್ ಹೇಳುವುದು ನಿಲ್ಲಿಸಿದಳು. ಆದರೆ ದೊಡ್ಡ ಗಾಡಿಗಳು ಬರುವ ಮುಂಚೆ ಕೋಣೆಯಿಂದ ಹೊರಗೆ ಬಂದು, ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ನಡೆದು ಬಾಯಲ್ಲೇ ಹೇಳಿ ಹೋಗುತ್ತಿದ್ದಳು. ನಿಯಮದಲ್ಲಿ ನಡೆದಾಡಬಾರದು ಎಂದು ಇರಲಿಲ್ಲ. ಹತ್ತು ವರ್ಷದ ಮೇಲೆ, ಎರಡೂ ಭಾಷೆಯಲ್ಲಿ ಹೇಳಬೇಕು ಎಂಬ ಹೊಸ ಕಾಗದ ಬಂದಾಗ, ತಲೆ ನೆರೆತ ಕ್ರಾವ್ಚುಕ್ ಅದನ್ನು ತಂದು ಅವಳ ಮೇಜಿನ ಮೇಲಿಟ್ಟ. “ತಗೋ, ನಿನ್ನ ಕಾಗದ ಬಂತು. ಹತ್ತು ವರ್ಷ ಲೇಟು, ನಮ್ಮ ಗಾಡಿಗಳ ಹಾಗೇ.”

ಕೆಲಸದಲ್ಲಿ ಹೀಗಿದ್ದವಳಿಗೆ ಬದುಕು ಬೇರೆ ಇತ್ತೇ ಅಂದರೆ, ಇತ್ತು, ಕೊನೆಯ ಕೋಣೆಯಲ್ಲಿ. ಮದುವೆ ಮನೆಗಳಿಗೆ ಕರೆ ಬಂದರೆ ಅವತ್ತು ಡ್ಯೂಟಿ. ಸಂತೆಯಲ್ಲಿ ಕ್ಯಾರೆಟ್ಟಿನ ಬೆಲೆ ಕೇಳಿದರೆ ಮಾರುವವಳು ಕಣ್ಣರಳಿಸಿ, “ಅಯ್ಯೋ, ನೀವೇನಾ ಸ್ಟೇಷನ್ನು?” ಅನ್ನುವಳು. ಅವಳಿಗೆ ಹೆಸರಿದೆ ಎನ್ನುವುದು ಆ ಊರಿನಲ್ಲಿ ಎಂಟು ಹತ್ತು ಜನಕ್ಕೆ ಗೊತ್ತಿತ್ತು. ದಿನವೂ ಕಿಟಕಿಯಾಚೆ ಜನ ತಬ್ಬಿಕೊಂಡು ಅಳುವುದು, ಕೈಬೀಸುವುದು. ಅವರನ್ನು ಕಳಿಸಿ ಬಂದು, ಒಬ್ಬಳಿಗೆ ಚಹಾ ಕಾಯಿಸಿ, ಬಟ್ಟಲಿಗೆ ಹಾಲು ಹಾಕಿಕೊಂಡು, ಕಿಟಕಿಯ ಪಕ್ಕ ಕೂರುತ್ತಿದ್ದಳು.

ಅವಳಿಗೆ ಇಪ್ಪತ್ತನಾಲ್ಕಾದಾಗ ತುರಾರ್ ಬಂದ. ಗಾಡಿಯ ಟಪಾಲು ಬೋಗಿಯಲ್ಲಿ ಕಾಗದ ವಿಂಗಡಿಸುವವನು, ಅವಳಿಗಿಂತ ಆರೇಳು ವರ್ಷ ದೊಡ್ಡವನು. ವಾರಕ್ಕೆ ಎರಡು ಸಲ ಅವನ ಗಾಡಿಗೆ ಕರಾಶೊಕಿಯಲ್ಲಿ ಎಂಜಿನ್ ಬದಲಾಯಿಸುತ್ತಿದ್ದರು. ಹದಿನೆಂಟು ನಿಮಿಷ. ಅವನು ಬಿಸಿನೀರಿನ ಕೆಟಲು ಹಿಡಿದು ಅವಳ ಗಾಜಿನ ಹತ್ತಿರ ಬಂದು ನಿಲ್ಲುವನು.

“ನಮ್ಮ ಗಾಡಿ ಬಂತು ಅಂತ ನೀನು ಹೇಳೋದು ಚೆಂದ. ಹೋಯ್ತು ಅಂತ ಹೇಳೋದೂ ಅಷ್ಟೇ ಚೆಂದ. ಅದೇ ನನಗೆ ಬೇಜಾರು” ಅನ್ನುವನು.

“ಬೇಗ ಹೋಗಿ. ಕೆಟಲು ತಣ್ಣಗಾಗುತ್ತೆ.”

“ಆಗಲಿ ಬಿಡು. ತಣ್ಣಗಾದ್ರೆ ತಾನೇ ಮತ್ತೆ ಬರೋಕಾಗೋದು?”

ಎರಡು ವರ್ಷ ಹೀಗೇ. ಹದಿನೆಂಟು ನಿಮಿಷದಲ್ಲಿ ಅವನ ತಾಯಿಯ ಮೊಣಕಾಲು ನೋವು, ಅವಳ ಅಜ್ಜಿಯ ಬೈಗುಳ, ವಿಳಾಸವೇ ಬರೆಯದ ಕಾಗದಗಳು, ಎಲ್ಲವೂ ಬಂದು ಹೋಗುತ್ತಿದ್ದವು. ಒಂದು ಶರತ್ಕಾಲದ ಬೆಳಿಗ್ಗೆ ಅವನು ಕೆಟಲು ಇಲ್ಲದೆ ಬಂದ.

“ತಿಂಗಳ ಕೊನೆಗೆ ನನ್ನನ್ನ ಆಯಗೋಜ್ ಲೈನಿಗೆ ಹಾಕ್ತಾರೆ. ಅಮ್ಮನೂ ಅಲ್ಲೇ ಇದ್ದಾಳೆ. ಅಲ್ಲೂ ಸ್ಟೇಷನ್ ಇದೆ, ಅಲ್ಲೂ ಮೈಕಿದೆ. ಬಾ ರಬಿಗಾ.”

ಅವಳಿಗೆ ಹೂಂ ಅನ್ನಬೇಕು ಅನಿಸಿತು. ಜೊತೆಗೇ, ಅವನ ತಾಯಿ ಹೇಗೋ ಏನೋ, ಗಾಜಿಲ್ಲದೆ ನೋಡಿದರೆ ಅವನಿಗೆ ತಾನು ಹೇಗೆ ಕಾಣುತ್ತೇನೋ, ಅಲ್ಲಿ ಮೈಕು ಕೊಡದಿದ್ದರೆ ಮತ್ತೆ ಕಸಬರಿಕೆಯೋ ಅನಿಸಿತು. ಅಷ್ಟರಲ್ಲಿ ಹೊತ್ತಾಯಿತು. ಕೈ ತಾನಾಗಿ ಗುಂಡಿಗೆ ಹೋಯಿತು. ಅವನ ಗಾಡಿ ಹೊರಡುತ್ತಿದೆ ಎಂದು ಯಾವಾಗಿನಷ್ಟೇ ಸ್ಪಷ್ಟವಾಗಿ ಹೇಳಿದಳು. ತುರಾರ್ ಟೋಪಿ ಸರಿಮಾಡಿಕೊಂಡು ಓಡಿ ಹತ್ತಿಕೊಂಡ. ಸಾವಿರಾರು ಜನಕ್ಕೆ ದಾರಿ ಹೇಳಿದ ಬಾಯಿಗೆ ತನ್ನ ಒಂದು ಮಾತು ಬರಲಿಲ್ಲ. ಕಾಗದ ಬರೆಯಬಹುದಿತ್ತು. ನಾಳೆ, ನಾಡಿದ್ದು ಎನ್ನುತ್ತ ಚಳಿಗಾಲ ಬಂತು, ಆಮೇಲೆ ಬರೆಯುವುದೇ ನಾಚಿಕೆಗೇಡು ಅನಿಸಿತು.

ದೇಶದ ಹೆಸರು ಬದಲಾಯಿತು, ಕ್ರಾವ್ಚುಕ್ ಮಗನ ಊರಿಗೆ ಹೊರಟುಹೋದ, ಒಂದೆರಡು ಚಳಿಗಾಲ ಹಜಾರಕ್ಕೆ ಕಲ್ಲಿದ್ದಲೂ ಇರಲಿಲ್ಲ. ರಬಿಗಾ ಕೈಗವಸು ಹಾಕಿಕೊಂಡು ಗುಂಡಿ ಒತ್ತಿದಳು. ಅವಳಿಗೆ ನಲವತ್ತೊಂಬತ್ತು ಆದ ವರ್ಷ ನಗರದಿಂದ ಇಬ್ಬರು ಬಂದು ಗಾಜಿನ ಕೋಣೆಯಲ್ಲಿ ಒಂದು ಪೆಟ್ಟಿಗೆ ಕೂರಿಸಿದರು. ಪೆಟ್ಟಿಗೆಯೊಳಗೆ ಯಾವುದೋ ಹುಡುಗಿಯ ದನಿ ತುಂಬಿಸಿತ್ತು, ಎರಡೂ ಭಾಷೆಯಲ್ಲಿ, ಒಂದೂ ತಪ್ಪಿಲ್ಲದೆ. ಲಗೇಜು ಕೋಣೆಯಲ್ಲಿ ಕೆಲಸ ಇದೆ, ಬೇಕಾದರೆ ಮಾಡು ಎಂದರು. ರಬಿಗಾ ಬಾಕಿ ಇದ್ದ ರಜೆಯನ್ನೆಲ್ಲ ಕೇಳಿದಳು. ಇಪ್ಪತ್ತೇಳು ವರ್ಷ ಊರೂರಿನ ಹೆಸರು ಹೇಳಿದವಳು ಅದರಲ್ಲಿ ಒಂದು ಊರನ್ನೂ ನೋಡಿರಲಿಲ್ಲ. ಆಯಗೋಜ್‌ಗೆ ಟಿಕೆಟ್ ತೆಗೆಸಿದಳು.

ಅಲ್ಲಿ ಟಪಾಲು ಕಚೇರಿಯ ಮುಂದೆ ಬಿಸಿಲಿಗೆ ಕೂತಿದ್ದ ಮುದುಕರಿಗೆ ತುರಾರ್ ಗೊತ್ತಿದ್ದ. ಸೇತುವೆಯಾಚೆ, ನೀಲಿ ಗೇಟು. ಬಾಗಿಲು ತೆಗೆದದ್ದು ಸೊಸೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು, ಮಾವ ಒಳಗಿದ್ದಾರೆ ಎಂದಳು. ಬಂದವಳು ಯಾರು ಎಂದು ಕೇಳದೆಯೇ ಮೇಜುಬಟ್ಟೆ ಹಾಸಿ, ಕರಿದ ಹಿಟ್ಟಿನ ಉಂಡೆ ಬೌರ್ಸಾಕ್ ಸುರಿದು, ಚಹಾ ಬಗ್ಗಿಸತೊಡಗಿದಳು.

ತುರಾರ್ ದಪ್ಪಗಾಗಿದ್ದ. ಅವಳು ಸಲಾಮು ಹೇಳಿದರೆ ಅವನು ಅಂಗೈ ಕಿವಿಗೆ ಆನಿಸಿಕೊಂಡ.

“ಜೋರಾಗಿ ಹೇಳಿ ಅಪಾ. ಮಾವನಿಗೆ ಕೇಳಿಸಲ್ಲ. ಗಾಡಿ ಶಬ್ದಕ್ಕೆ ಕಿವಿ ಹೋಗಿಬಿಟ್ಟಿದೆ” ಎಂದಳು ಸೊಸೆ.

ಎಲ್ಲರೂ ಅವಳನ್ನು ಗುರುತಿಸುತ್ತಿದ್ದದ್ದು ಯಾವುದರಿಂದಲೋ ಅದು ಇಲ್ಲಿ ಕೆಲಸಕ್ಕೆ ಬರಲಿಲ್ಲ. “ಕರಾಶೊಕಿ” ಎಂದು ಮೂರು ಸಲ ಕೂಗಬೇಕಾಯಿತು. ಆಗ ಅವನ ಮುಖ ಅರಳಿತು. ಕೆಟಲಿನ ಕಥೆಯನ್ನು ಸೊಸೆಗೆ ತಾನೇ ಹೇಳಿ ನಕ್ಕ. ಐದು ಮಕ್ಕಳ ಹೆಸರು ಹೇಳಿದ, ಹೆಂಡತಿಯ ಫೋಟೋ ತೋರಿಸಿದ, ಒಳ್ಳೆಯವಳು ಅಂದ. ರಬಿಗಾ ಬಟ್ಟಲು ಹಿಡಿದು ಕೂತಳು. ಹೇಳಬೇಕು ಎಂದು ಬಂದದ್ದು ಕೂಗಿ ಹೇಳುವಂಥದ್ದಲ್ಲ. ಆದರೆ ಹೇಳದೆ ಹಿಂತಿರುಗಿದರೆ ಇನ್ನೊಂದು ಇಪ್ಪತ್ತು ವರ್ಷ ಇರಲಿಕ್ಕಿಲ್ಲ.

“ಆವತ್ತು ನಾನು ಬರಬೇಕಿತ್ತು” ಎಂದಳು.

“ಏನಂದೆ?”

“ನಾನು ಬರಬೇಕಿತ್ತು!”

ಸೊಸೆಯ ಕೈಯಲ್ಲಿ ಚಹಾದ ಪಾತ್ರೆ ನಿಂತಲ್ಲೇ ನಿಂತಿತು.

“ಬರಬೇಕಿತ್ತು” ಎಂದು ಅವನೂ ಹೇಳಿದ, ಮೆಲ್ಲಗೆ. “ಮೊದಲನೇ ವರ್ಷ ಗಾಡಿ ಬಂದಾಗೆಲ್ಲ ಹೋಗಿ ನೋಡ್ತಿದ್ದೆ. ಆಮೇಲೆ ಅಮ್ಮ ಹೆಣ್ಣು ನೋಡಿದ್ಲು. ಬೇಜಾರಿಲ್ಲ ರಬಿಗಾ. ಚಹಾ ಕುಡಿ, ತಣ್ಣಗಾಗುತ್ತೆ.”

ಗೇಟಿನ ತನಕ ಬಂದು ಕಳಿಸಿಕೊಟ್ಟ. ರಬಿಗಾ ಸೇತುವೆ ದಾಟುವಾಗ ಅತ್ತಳು. ಆದರೆ ಹೇಳಬೇಕಾದದ್ದು ಹೇಳಿಯಾಗಿತ್ತು.

ಹಿಂತಿರುಗುವಾಗ ಅವಳ ಗಾಡಿ ತುಜ್ದಿ ಅನ್ನುವ ಕಡೆ ಎದುರು ಗಾಡಿಗೆ ದಾರಿ ಬಿಟ್ಟು ನಿಂತಿತು. ಅದು ಊರಲ್ಲ. ಎರಡು ಹಳಿ, ಒಂದು ಕಲ್ಲಿನ ಮನೆ, ಬಾವಿ, ಉಪ್ಪು ಉಕ್ಕಿ ಬೆಳ್ಳಗಾದ ಬಯಲು. ಬಾವುಟ ಹಿಡಿದು ನಿಂತಿದ್ದ ಒಬ್ಬನೇ ಮನುಷ್ಯನ ಹೆಸರು ಸಪರ್. ರಬಿಗಾ ಕಾಲು ಚಾಚಲು ಕೆಳಗಿಳಿದಳು.

“ಇಲ್ಲಿ ಒಬ್ರೇನಾ?” ಎಂದಳು.

“ಈ ತಿಂಗಳು ಒಬ್ನೇ. ಮುಂದಿನ ತಿಂಗಳು ನಾನೂ ಇರಲ್ಲ. ಹೆಂಡ್ತಿ ಅಂತೂ ಬಿಟ್ಟೋಗಿ ವರ್ಷ ಆಯ್ತು. ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಇದ್ದೀನಿ, ನಾಯಿ ಕೂಡ ಬರಲ್ಲ.”

ಎದುರು ಗಾಡಿ ಹಾದುಹೋಯಿತು. ಅವಳ ಗಾಡಿ ಕೂಗಿತು.

“ನಾನು ಬರ್ತೀನಿ” ಎಂದಳು ರಬಿಗಾ. “ಯಾರನ್ನ ಕೇಳಬೇಕು ಹೇಳಿ, ಬೇಗ.”

ಅವನು ಹೇಳಿದ. ಅವಳು ಮೆಟ್ಟಿಲ ಮೇಲೆ ನಿಂತು ಅದನ್ನು ಬಾಯಿಪಾಠ ಮಾಡಿಕೊಂಡಳು.

ಕಚೇರಿಯ ಅಧಿಕಾರಿ ಅವಳ ಅರ್ಜಿಯನ್ನು ಎರಡು ಸಲ ಓದಿದ. “ಅಲ್ಲಿಗೆ ಶಿಕ್ಷೆ ಕೊಟ್ಟು ಕಳಿಸಿದ್ರೂ ಜನ ಹೋಗಲ್ಲ. ನೀವು ಕೇಳ್ಕೊಂಡು ಬಂದಿದ್ದೀರಲ್ಲ ಅಪಾ, ಮನೇಲಿ ಏನಾದ್ರೂ ಜಗಳವಾ?”

“ಜಗಳ ಆಡೋಕೆ ಯಾರಾದ್ರೂ ಬೇಕಲ್ಲಪ್ಪ.”

ಮೂರು ತಿಂಗಳು ತನ್ನ ಅರ್ಧ ವಯಸ್ಸಿನವರ ಜೊತೆ ಕೂತು ಸಿಗ್ನಲ್ಲಿನ ಪಾಠ ಕಲಿತು, ಪರೀಕ್ಷೆ ಕೊಟ್ಟು, ತುಜ್ದಿಗೆ ಹೋದಳು.

ಕರಾಶೊಕಿಯ ಏಕಾಂತಕ್ಕೆ ಜನರ ಸದ್ದಾದರೂ ಇತ್ತು. ಇಲ್ಲಿ ಎದುರು ಗಾಡಿಗೆ ದಾರಿ ಬಿಡುವಾಗ ಬಿಟ್ಟರೆ ಗಾಡಿಗಳೂ ನಿಲ್ಲದೆ ಹೋಗುತ್ತಿದ್ದವು. ಡ್ಯೂಟಿ ಬದಲಾಯಿಸುವವನು ಬಂದರೂ ಬಂದವನೇ ಮಲಗಿಬಿಡುವ ಜಾತಿ. ಎಷ್ಟೋ ದಿನ ಅವಳು ಬಾವಿಗೆ, ಒಲೆಗೆ ಮಾತಾಡಿದಳು. ಒಂದು ಮಧ್ಯಾಹ್ನ ಟೆಲಿಫೋನಿನಲ್ಲಿ ಮಾತಾಡಬೇಕಾದಾಗ ಗಂಟಲಿನಿಂದ ಗಾಳಿ ಮಾತ್ರ ಬಂತು. ಅವತ್ತು ಅವಳಿಗೆ ಭಯವಾಯಿತು. ಆಮೇಲೆ ದಿನವೂ ಬೆಳಿಗ್ಗೆ ಹಾದುಹೋಗುವ ಗಾಡಿಯನ್ನು, ಕೇಳುವವರಿಲ್ಲದ ಬಯಲಿಗೆ, ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಹೇಳುವುದನ್ನು ರೂಢಿ ಮಾಡಿಕೊಂಡಳು.

ಎರಡು ಮೈಲಿ ಆಚೆ ಒಂಟೆ ಸಾಕುವವರ ನಾಲ್ಕು ಮನೆಗಳಿದ್ದವು. ಎರಡನೆಯ ಚಳಿಗಾಲದಲ್ಲಿ ಅಲ್ಲಿನ ಒಬ್ಬ ಸೊಸೆಗೆ ಹೆರಿಗೆ ನೋವು ಬಂದಾಗ ದಾರಿ ಮುಚ್ಚಿತ್ತು. ರಬಿಗಾ ಕೆಂಪು ಬಾವುಟ ಹಿಡಿದು ಗೂಡ್ಸ್ ಗಾಡಿ ನಿಲ್ಲಿಸಿ, ಅವಳನ್ನು ಎಂಜಿನ್ನಿಗೆ ಹತ್ತಿಸಿ ಆಸ್ಪತ್ರೆಗೆ ಕಳಿಸಿದಳು. ತಾಯಿ ಮಗು ಉಳಿದವು. ರಬಿಗಾಳಿಗೆ ಮತ್ತೊಂದು ಎಚ್ಚರಿಕೆಯ ಚೀಟಿ ಬಂತು. ಅವಳು ಅದರ ಕೆಳಗೇ ಉತ್ತರ ಬರೆದಳು: ಪ್ಯಾಸೆಂಜರ್ ಗಾಡಿ ಇಲ್ಲಿ ಎರಡು ನಿಮಿಷ ನಿಂತರೆ ಗೂಡ್ಸ್ ನಿಲ್ಲಿಸುವ ಪ್ರಸಂಗ ಬರುವುದಿಲ್ಲ. ಉತ್ತರವಿಲ್ಲ. ಮತ್ತೆ ಬರೆದಳು. ಜನಸಂಖ್ಯೆ ಸಾಲದು ಎಂದು ಬಂತು. ಮೂರನೆಯ ಸಲ ನಾಲ್ಕೂ ಮನೆಯವರ ಹೆಸರು, ವಯಸ್ಸು, ಯಾರಿಗೆ ಯಾವ ಕಾಯಿಲೆ ಎಲ್ಲ ಬರೆದು ಕಳಿಸಿದಳು. ನಾಲ್ಕನೆಯ ವರ್ಷ ಅಪ್ಪಣೆ ಬಂತು: ಗುರುವಾರ, ಶನಿವಾರ, ಎರಡು ನಿಮಿಷ.

ಮೊದಲ ಗುರುವಾರ ಒಂಟೆಯವರು ಒಗೆದ ಬಟ್ಟೆ ಹಾಕಿಕೊಂಡು ಬಂದು ಸಾಲಾಗಿ ನಿಂತರು. ಗಾಡಿ ನಿಂತಿತು. ಈರುಳ್ಳಿ ಮೂಟೆ ಹೊತ್ತ ಒಬ್ಬ ದಪ್ಪ ಹೆಂಗಸು ಇಳಿದು, ಗಾಡಿ ಹೊರಟ ಮೇಲೆ ಸುತ್ತ ನೋಡಿದಳು.

“ಇದು ತುಜ್‌ಕುದುಕ್ ಅಲ್ವಾ?”

“ಅಲ್ಲ ತಂಗಿ. ತುಜ್ದಿ. ತುಜ್‌ಕುದುಕ್ ಇನ್ನೂ ನಲವತ್ತು ಮೈಲಿ.”

“ಅಯ್ಯೋ ನನ್ನ ಕರ್ಮ. ಮುಂದಿನ ಗಾಡಿ ಯಾವಾಗ?”

“ಶನಿವಾರ.”

ಹೆಂಗಸು ಮೂಟೆಯ ಮೇಲೆ ಕೂತು ನಗತೊಡಗಿದಳು. ಹೆಸರು ಶಾಮ್ಸಿಯಾ. ಎರಡು ದಿನ ಅವಳು ಬಾಯಿ ಮುಚ್ಚಲಿಲ್ಲ. ಬೀಗಿತ್ತಿಯ ಜಿಪುಣತನ, ತನ್ನ ಸೊಂಟ, ಸತ್ತ ಗಂಡನ ಗೊರಕೆ ಎಲ್ಲ ಹೇಳುತ್ತ ರಬಿಗಾಳ ಒಲೆಯ ಮುಂದೆ ಈರುಳ್ಳಿ ಹೆಚ್ಚಿದಳು. ರಬಿಗಾ ಹಿಟ್ಟು ನಾದುತ್ತ ಕೇಳಿದಳು. ಯಾರಿಗೂ ಏನೂ ಹೇಳದೆ, ಬರೀ ಕೇಳುತ್ತ ಎರಡು ದಿನ ಕಳೆದದ್ದು ಅವಳಿಗೆ ಯಾವ ಕಾಲದಲ್ಲೂ ನೆನಪಿರಲಿಲ್ಲ. ಶನಿವಾರ ಶಾಮ್ಸಿಯಾ ಅವಳ ಕೆನ್ನೆಗೆ ಮುತ್ತು ಕೊಟ್ಟು, ಅರ್ಧ ಮೂಟೆ ಈರುಳ್ಳಿ ಬಿಟ್ಟು, “ವಸಂತಕ್ಕೆ ಬರ್ತೀನಕ್ಕ, ಬೇಕೂಂತ್ಲೇ ಇಳೀತೀನಿ” ಎಂದು ಹತ್ತಿದಳು.

ವಸಂತ ಬಂತು, ಅವಳು ಬರಲಿಲ್ಲ. ಆ ವರ್ಷವಿಡೀ ಗುರುವಾರಗಳಂದು ರಬಿಗಾ ಗಾಡಿಯ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನೋಡುವುದು ಬಿಟ್ಟಳು. ಗಾಡಿ ಮಾತ್ರ ನಿಲ್ಲುತ್ತಿದೆ. ಒಂಟೆಯವರ ಮುದುಕಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದಳು. ಎಂಜಿನ್ನಿನಲ್ಲಿ ಹೋಗಿ ಹುಟ್ಟಿದ ಹುಡುಗಿ ಈಗ ಆಸ್ಪತ್ರೆಯಿರುವ ಊರಿನಲ್ಲೇ ಶಾಲೆಗಿದ್ದಾಳೆ, ಶನಿವಾರ ಬರುತ್ತಾಳೆ. ರಬಿಗಾಳಿಗೆ ಪಿಂಚಣಿಗೆ ಇನ್ನು ಹತ್ತು ತಿಂಗಳಿದೆ. ಕಾಯುವವರಿಗೆ ಗಾಳಿಗೆ ಮರೆಯಾಗಿ ಮೂರು ಗೋಡೆ, ಒಂದು ಸೂರು, ಒಂದು ಬೆಂಚು ಬೇಕು ಎಂದು ಅವಳು ಮೊನ್ನೆ ಅರ್ಜಿ ಬರೆದಿದ್ದಾಳೆ. ಉತ್ತರ ಬಂದಿಲ್ಲ. ಎರಡನೆಯ ಅರ್ಜಿಗೆ ಕಾಗದ ತೆಗೆದಿಟ್ಟಿದ್ದಾಳೆ.